ಬಂಧನವೇ ಔಷಧವಾದಾಗ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ದೂರವಿಡಬೇಕಾದ ಅತಿಚಾರಗಳು ಐದು ಎಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಅವು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆತ. ಕೊಲೆಯಾದರೆ ವ್ರತವೇ ಮುರಿಯಿತು, ಅತಿಚಾರದ ಮಾತೇ ಉಳಿಯದು. ಹಟ್ಟಿಯ ಎತ್ತು, ಅಂಗಳದ ಎಮ್ಮೆ, ಬಾಗಿಲ ಬಳಿಯ ನಾಯಿ, ಹೀಗೆ ಮನುಷ್ಯನನ್ನೇ ನಂಬಿ ಬದುಕುವ ಜೀವಗಳ ಮೇಲೆ ಕೊಲ್ಲುವ ಉದ್ದೇಶವಿಲ್ಲದೆಯೇ ಗೃಹಸ್ಥನು ದಿನನಿತ್ಯ ಎಸಗಬಹುದಾದ ತಪ್ಪುಗಳನ್ನೇ ಈ ಸೂತ್ರ ಹೆಕ್ಕಿ ಹೇಳುತ್ತದೆ. ಸೊಗಸಿಗೆಂದು ನಾಯಿಮರಿಯ ಕಿವಿ, ಬಾಲಗಳನ್ನು ಕತ್ತರಿಸುವ ಇಂದಿನ ಚಟಕ್ಕೆ ಛೇದವೆಂಬ ಒಂದು ಪದವೇ ಸಾಕಷ್ಟು ಉತ್ತರ.

ಈ ಐದರಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ವೈದ್ಯರೇ ವಿಧಿಸುವ ಒಂದು ರೋಗವಿದೆ. ನಿನ್ನೆ ಸಂಜೆಯವರೆಗೆ ಓಡಾಡುತ್ತಿದ್ದ ಸಾಕುನಾಯಿ ಬೆಳಗಾಗುವಷ್ಟರಲ್ಲಿ ಹಿಂಗಾಲುಗಳನ್ನು ಎತ್ತಲಾರದೆ ನೆಲದ ಮೇಲೆ ಎಳೆಯುತ್ತಿರುತ್ತದೆ. ಪಶುವೈದ್ಯರು ಪರೀಕ್ಷಿಸಿ, ಬೆನ್ನೆಲುಬಿನ ಡಿಸ್ಕ್ ಜಾರಿದೆ, ಆರು ವಾರ ಪಂಜರದಲ್ಲಿಡಿ, ತೂಕ ಹೆಚ್ಚಿದೆ, ಊಟ ಕಡಿಮೆ ಮಾಡಿ ಎನ್ನುತ್ತಾರೆ. ಜೀವದಯೆಯನ್ನು ಕುಲಧರ್ಮವೆಂದು ಬಾಳಿದ ಮನೆಗಳಲ್ಲಿ ಈ ಮಾತು ಕಿವಿಗೆ ಕಠೋರವಾಗಿ ಬೀಳುವುದು ಸಹಜ. ಹಕ್ಕಿಯನ್ನು ಪಂಜರದಿಂದ ಬಿಡಿಸುವುದು ಪುಣ್ಯವೆಂದು ಕಲಿತ ಕೈ ನಾಯಿಯನ್ನು ಪಂಜರದೊಳಗೆ ಹಾಕಿ ಅಗುಳಿ ಜಡಿಯಬೇಕು. ಎಷ್ಟೋ ಮನೆಗಳಲ್ಲಿ ಮೂರನೆಯ ದಿನವೇ ಅಗುಳಿ ತೆರೆಯುತ್ತದೆ, ಐದನೆಯ ದಿನಕ್ಕೆ ನಾಯಿ ಶಾಶ್ವತವಾಗಿ ಕುಸಿಯುತ್ತದೆ. ಆದ್ದರಿಂದ ಈ ರೋಗವೇನು, ಶಾಸ್ತ್ರವು ಬಂಧವೆಂದು ಕರೆದದ್ದೇನು ಎಂಬುದನ್ನು ಒಟ್ಟಿಗೇ ತಿಳಿಯಬೇಕಾಗಿದೆ.

ಬೆನ್ನೆಲುಬಿನ ಮೂಳೆಗಳ ನಡುವೆ ಒತ್ತಡವನ್ನು ತಡೆದುಕೊಳ್ಳುವ ಮೆತ್ತನೆಯ ಬಿಲ್ಲೆಗಳಿವೆ. ಅವುಗಳ ನಡುವಿನ ತಿರುಳು ಲೋಳೆಯಂತೆ, ಸುತ್ತಲ ಕವಚ ಗಟ್ಟಿ ನಾರಿನಂತೆ. ಕೆಲವು ನಾಯಿಗಳಲ್ಲಿ ಈ ತಿರುಳು ಚಿಕ್ಕ ವಯಸ್ಸಿಗೇ ಒಣಗಿ ಸುಣ್ಣಗಟ್ಟುತ್ತದೆ. ಒಂದು ದಿನ ಮಂಚದಿಂದ ಹಾರಿದಾಗಲೋ, ಯಾವ ಕಾರಣವೂ ಕಾಣದೆಯೋ ಕವಚ ಬಿರಿದು, ಒಣಗಿದ ತಿರುಳು ಮೇಲೆ ಚಿಮ್ಮಿ ಬೆನ್ನುಹುರಿಯನ್ನು ಒತ್ತುತ್ತದೆ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ನಂತಹ ದೊಡ್ಡ ತಳಿಗಳಲ್ಲಿ ಇದು ಬೇರೆ ಬಗೆಯಲ್ಲಿ ಬರುತ್ತದೆ. ವಯಸ್ಸಾದಂತೆ ಕವಚವೇ ದಪ್ಪವಾಗಿ ಉಬ್ಬಿ ತಿಂಗಳುಗಟ್ಟಲೆ ನಿಧಾನವಾಗಿ ಹುರಿಯನ್ನು ಅಮುಕುತ್ತದೆ. ಈ ಎರಡು ಬಗೆಗಳನ್ನು 1952ರಲ್ಲಿ ವಿಂಗಡಿಸಿ ತೋರಿಸಿದವರು ಸ್ವೀಡನ್ನಿನ ಪಶುವೈದ್ಯ ಹ್ಯಾನ್ಸನ್. ಇಂದಿಗೂ ಅವರ ಹೆಸರಿನಿಂದಲೇ ಅವುಗಳನ್ನು ಗುರುತಿಸುತ್ತಾರೆ.

ಮೊದಲ ಬಗೆಗೆ ಅತಿ ಹೆಚ್ಚಾಗಿ ತುತ್ತಾಗುವುದು ಡ್ಯಾಶುಂಡ್ ಎಂಬ ಗಿಡ್ಡಕಾಲಿನ, ಉದ್ದಬೆನ್ನಿನ ನಾಯಿ. ಈ ನಾಯಿಯ ಆಕಾರದ ಇತಿಹಾಸ ಜೈನ ಓದುಗರಿಗೆ ಒಂದು ಕ್ಷಣ ನಿಲ್ಲಿಸಿ ಯೋಚಿಸುವಂಥದು. ಜರ್ಮನಿಯಲ್ಲಿ ಬಿಲದೊಳಗಿನ ಬ್ಯಾಡ್ಜರ್ ಎಂಬ ಪ್ರಾಣಿಯನ್ನು ಬೇಟೆಯಾಡಲು, ಬಿಲದೊಳಗೆ ನುಗ್ಗಬಲ್ಲ ಗಿಡ್ಡ ನಾಯಿ ಬೇಕೆಂದು ಬೇಟೆಗಾರರು ತಲೆಮಾರುಗಳ ಕಾಲ ಆಯ್ದು ಆಯ್ದು ಬೆಳೆಸಿದ ತಳಿಯಿದು. ಹೆಸರಿನ ಅರ್ಥವೇ ಬ್ಯಾಡ್ಜರ್ ನಾಯಿ. ಕಾಲುಗಳನ್ನು ಗಿಡ್ಡವಾಗಿಸುವ ವಂಶವಾಹಿ ಬದಲಾವಣೆಗೂ ಬೆನ್ನಿನ ಬಿಲ್ಲೆಗಳು ಬೇಗ ಒಣಗುವುದಕ್ಕೂ ನಂಟಿರುವುದನ್ನು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಎಫ್‌ಜಿಎಫ್4 ಎಂಬ ಜೀನಿನ ಹೆಚ್ಚುವರಿ ಪ್ರತಿಯೊಂದು ಅದರ ಮೂಲ. ಯಾರದೋ ಸಂಕಲ್ಪೀ ಹಿಂಸೆ ಒಂದು ಪ್ರಾಣಿಯ ಅಸ್ಥಿಯಲ್ಲಿ ಅಚ್ಚಾಗಿ, ಬೇಟೆಯ ಹೆಸರನ್ನೇ ಕೇಳದ ಮನೆಯ ಮೆತ್ತೆಯ ಮೇಲೆ ಮಲಗಿದ ನಾಯಿಯಲ್ಲಿ ನೋವಾಗಿ ಹೊರಬರುತ್ತಿದೆ. ಸುಂದರವೆಂದು ಇಂಥ ತಳಿಯ ಮರಿಯನ್ನು ಹಣಕೊಟ್ಟು ತರಿಸುವವರು ಆ ಸಂಕಲ್ಪಕ್ಕೆ ಅನುಮೋದನೆ ಕೊಡುತ್ತಿದ್ದಾರೆಯೇ ಎಂದು ತಮ್ಮನ್ನು ಕೇಳಿಕೊಳ್ಳುವುದು ಒಳಿತು. ಕೃತ, ಕಾರಿತ, ಅನುಮೋದನೆ ಮೂರೂ ಆಸ್ರವದ ದ್ವಾರಗಳೆಂದೇ ಶಾಸ್ತ್ರ ಎಣಿಸಿದೆ.

ನಾಯಿಯು ಸಂಜ್ಞಿ ಪಂಚೇಂದ್ರಿಯ ತಿರ್ಯಂಚ ಜೀವ. ಅದಕ್ಕೆ ಹತ್ತು ಪ್ರಾಣಗಳಿವೆ: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಆಯುಸ್ಸು ಮತ್ತು ಶ್ವಾಸೋಚ್ಛ್ವಾಸ. ಪ್ರಾಣಹಾನಿಯೆಂದರೆ ಜೀವ ಹೋಗುವುದೊಂದೇ ಎಂಬ ಸಾಮಾನ್ಯ ತಿಳಿವಳಿಕೆಯನ್ನು ಈ ಗಣನೆ ತಿದ್ದುತ್ತದೆ. ಬೆನ್ನುಹುರಿ ಅಮುಕಿದಾಗ ನಾಯಿಯ ಆಯುಸ್ಸು ಉಳಿಯುತ್ತದೆ, ಉಸಿರು ಉಳಿಯುತ್ತದೆ. ಆದರೆ ದೇಹದ ಹಿಂಭಾಗದಲ್ಲಿ ಕಾಯಬಲ ಮೊದಲು ಕುಂದುತ್ತದೆ, ಕೊನೆಯಲ್ಲಿ ಸ್ಪರ್ಶನೇಂದ್ರಿಯವೇ ನಂದುತ್ತದೆ. ಪಶುವೈದ್ಯರ ಪರೀಕ್ಷೆಯ ಕ್ರಮವೂ ಇದೇ. ಬರಿಯ ನೋವು, ತೂರಾಡುವ ನಡಿಗೆ, ಏಳಲಾರದ ನಿಶ್ಶಕ್ತಿ, ಪೂರ್ಣ ಪಾರ್ಶ್ವಾಘಾತ ಎಂದು ಹಂತಗಳನ್ನು ಗುರುತಿಸುತ್ತ ಬಂದು, ಕಡೆಯಲ್ಲಿ ಕಾಲ್ಬೆರಳನ್ನು ಗಟ್ಟಿಯಾಗಿ ಹಿಸುಕಿ ನೋಡುತ್ತಾರೆ. ಕಾಲನ್ನು ಸೆಳೆದುಕೊಂಡರೆ ಸಾಲದು, ಅದು ಹುರಿಯ ಕೆಳಭಾಗದ ತಾನಾದ ಚಲನೆಯಿರಬಹುದು. ನಾಯಿ ತಿರುಗಿ ನೋಡಬೇಕು, ಕೂಗಬೇಕು. ನೋವು ಮನಸ್ಸಿಗೆ ಮುಟ್ಟಿತೇ ಎಂಬುದೇ ಪ್ರಶ್ನೆ. ಆ ಆಳದ ಅರಿವು ಉಳಿದಿದ್ದರೆ ಶಸ್ತ್ರಚಿಕಿತ್ಸೆಯ ಬಳಿಕ ಹತ್ತರಲ್ಲಿ ಸುಮಾರು ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ಅದೂ ಅಳಿದಿದ್ದರೆ ಶಸ್ತ್ರಚಿಕಿತ್ಸೆ ಮಾಡಿದರೂ ಸುಮಾರು ಅರ್ಧದಷ್ಟು ಮಾತ್ರ. ನೋವಷ್ಟೇ ಇರುವ, ಇಲ್ಲವೇ ತೂರಾಡುತ್ತಲಾದರೂ ನಡೆಯಬಲ್ಲ ನಾಯಿಗಳು ಬಹುಪಾಲು ಪಂಜರ ವಿಶ್ರಾಂತಿ ಮತ್ತು ಔಷಧಗಳಿಂದಲೇ ಚೇತರಿಸುತ್ತವೆ. ಒಂದು ಹಂತದಿಂದ ಮುಂದಿನದಕ್ಕೆ ಜಾರಲು ಕೆಲವೊಮ್ಮೆ ಕೆಲವು ಗಂಟೆಗಳೇ ಸಾಕು. ನಡೆಯುತ್ತಿದ್ದ ನಾಯಿ ನಡೆಯದಾದರೆ ನಾಳೆ ನೋಡೋಣ ಎನ್ನುವಂತಿಲ್ಲ.

ಬೀದರಿಗೆ ಅನತಿ ದೂರದ ಕಮಠಾಣದಲ್ಲಿ ಪಾರ್ಶ್ವನಾಥ ಬಸದಿಯಿದೆ. ದರ್ಶನಕ್ಕೆ ಹೋಗುವ ಭಕ್ತರಿಗೆ ಕುಮಾರ ಪಾರ್ಶ್ವನ ಪ್ರಸಂಗ ಹೊಸದಲ್ಲ. ತಾಪಸನೊಬ್ಬ ಉರಿಸುತ್ತಿದ್ದ ಕೊರಡಿನೊಳಗೆ ನಾಗಯುಗಲವೊಂದು ಬೇಯುತ್ತಿತ್ತು; ತಪಸ್ಸಿನಲ್ಲಿ ಮುಳುಗಿದವನಿಗೆ ಅದು ಕಾಣಲಿಲ್ಲ, ಕುಮಾರನಿಗೆ ಕಂಡಿತು. ಭಗವಂತನಿಗೆ ಅವಧಿಜ್ಞಾನವಿತ್ತು. ಗೃಹಸ್ಥನಿಗೆ ಇರುವುದು ಕೇವಲ ಗಮನ. ಡಿಸ್ಕಿನ ನೋವು ಮೊದಮೊದಲು ಕೊರಡಿನೊಳಗಿನ ಬೆಂಕಿಯಂತೆಯೇ ಒಳಗಿರುತ್ತದೆ. ನಾಯಿ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ನಿಲ್ಲುತ್ತದೆ, ಮೆಟ್ಟಿಲ ಬಳಿ ಬಂದು ಹಿಂದೆ ಸರಿಯುತ್ತದೆ, ಎತ್ತಿಕೊಂಡರೆ ಕಿರುಚುತ್ತದೆ, ಕಾರಣವಿಲ್ಲದೆ ನಡುಗುತ್ತದೆ, ಬಟ್ಟಲಿಗೆ ತಲೆ ಬಗ್ಗಿಸಲು ಅಂಜುತ್ತದೆ. ಸೋಮಾರಿಯಾಗಿದೆ, ಮುನಿದಿದೆ ಎಂದು ಮನೆಯವರು ನಗುತ್ತಾರೆ. ಕೆಲವರು ಎಣ್ಣೆ ಹಚ್ಚಿ ಬೆನ್ನು ತಿಕ್ಕುತ್ತಾರೆ, ಕಾಲು ಹಿಡಿದು ಎಳೆಯುತ್ತಾರೆ; ಬಿರಿದ ಬಿಲ್ಲೆಯ ಮೇಲೆ ಈ ಎರಡೂ ಅಪಾಯ. ಮನುಷ್ಯರಿಗೆ ಕೊಡುವ ನೋವಿನ ಮಾತ್ರೆಯನ್ನು ಅರ್ಧ ಮಾಡಿ ಕೊಡುವುದು ಇನ್ನೂ ಕೇಡು. ಐಬುಪ್ರೊಫೇನ್, ಡೈಕ್ಲೋಫೆನಾಕ್ ಮುಂತಾದವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನು ಕೆಡಿಸುತ್ತವೆ. ವೈದ್ಯರು ಆರಿಸಬೇಕಾದ ಔಷಧಕ್ಕೆ ಮನೆಯ ಮಾತ್ರೆಯೇ ಅಡ್ಡಿಯಾಗುವುದೂ ಉಂಟು, ಏಕೆಂದರೆ ಇಂತಹ ಮಾತ್ರೆಯನ್ನೂ ಸ್ಟಿರಾಯ್ಡನ್ನೂ ಒಟ್ಟಿಗೆ ಕೊಡಲಾಗದು.

ಬೀದರ್ ಸೀಮೆಯವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ನಗರದ ನಂದಿನಗರದಲ್ಲಿಯೇ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇವೆ. ಕೊಳಾರದವರಿಗೆ ಇದು ನೆರೆಯಷ್ಟೇ. ಭಾಲ್ಕಿ, ಔರಾದಗಳವರಿಗೂ ಬೆಳಗ್ಗೆ ಹೊರಟು ಸಂಜೆಗೆ ಮರಳಬಹುದಾದ ದಾರಿ. ಈ ನೆಲಕ್ಕೂ ಪಶುವೈದ್ಯಕ್ಕೂ ಜೈನರಿಗೂ ಹಳೆಯ ನಂಟೊಂದಿದೆಯೆಂಬುದು ಹಲವರಿಗೆ ನೆನಪಿಲ್ಲ. ಕನ್ನಡದಲ್ಲಿ ಮೊದಲ ಪಶುವೈದ್ಯ ಗ್ರಂಥವೆಂದು ಹೆಸರಾದ ಗೋವೈದ್ಯವನ್ನು ಬರೆದವನು ಕೀರ್ತಿವರ್ಮ. ಅವನು ಜೈನ, ಕಲ್ಯಾಣ ಚಾಲುಕ್ಯರ ರಾಜಪುತ್ರ, ಆರನೆಯ ವಿಕ್ರಮಾದಿತ್ಯನ ಸೋದರ. ಅವರ ರಾಜಧಾನಿ ಕಲ್ಯಾಣವೇ ಇಂದಿನ ಬಸವಕಲ್ಯಾಣ, ಇದೇ ಬೀದರ್ ಜಿಲ್ಲೆಯ ಊರು. ಅರಮನೆಯಲ್ಲಿ ಹುಟ್ಟಿದವನು ದನದ ಬೇನೆಯ ಬಗ್ಗೆ ಗ್ರಂಥ ಬರೆಯುವುದನ್ನು ಕೀಳೆಂದು ಎಣಿಸಲಿಲ್ಲ. ಆ ಗ್ರಂಥದಲ್ಲಿ ಔಷಧದೊಂದಿಗೆ ಮಂತ್ರಭಾಗವೂ ಇದೆ.

ಕೊಳಾರದ ಕೈಗಾರಿಕಾ ಪ್ರದೇಶದ ಬೀದಿನಾಯಿಗಳ ವಿಷಯ ಸ್ವಲ್ಪ ಬೇರೆ. ಲಾರಿಗಳು ಓಡಾಡುವ ರಸ್ತೆಯಲ್ಲಿ ಹಿಂಗಾಲು ಎಳೆಯುತ್ತ ಸಾಗುವ ನಾಯಿಗೆ ಡಿಸ್ಕ್ ರೋಗಕ್ಕಿಂತ ಅಪಘಾತದ ಮೂಳೆಮುರಿತವೇ ಹೆಚ್ಚು ಸಂಭವ. ಅದನ್ನು ಕಂಕುಳಲ್ಲಿ ಹಿಡಿದೆತ್ತಬಾರದು. ಹಲಗೆಯನ್ನೋ ಗಟ್ಟಿ ಚಾದರವನ್ನೋ ಕೆಳಗೆ ಸರಿಸಿ, ಬೆನ್ನು ಬಾಗದಂತೆ ಮಲಗಿಸಿಯೇ ಒಯ್ಯಬೇಕು. ಇನ್ನೊಂದು ಎಚ್ಚರಿಕೆಯನ್ನು ದಯಾವಂತರಿಗೆ ಹೇಳಲೇಬೇಕು. ಹುಚ್ಚುನಾಯಿ ರೋಗವೂ ಕೆಲವೊಮ್ಮೆ ಕಾಲಿನ ಲಕ್ವದಿಂದ ಆರಂಭವಾಗುತ್ತದೆ. ಲಸಿಕೆ ಕಾಣದ ಬೀದಿನಾಯಿಯ ಬಾಯಿಯ ಬಳಿ ಬರಿಗೈ ಒಯ್ಯುವ ಮುನ್ನ ಪಶುವೈದ್ಯರಿಗೆ ತಿಳಿಸಬೇಕು. ಪ್ರಮಾದದಿಂದ ತನ್ನ ಪ್ರಾಣಕ್ಕೆ ಹಾನಿ ತಂದುಕೊಳ್ಳುವುದೂ ಹಿಂಸೆಯೇ. ಎಕ್ಸ್-ರೇಯಲ್ಲಿ ಮುರಿದ ಮೂಳೆ ಕಾಣುತ್ತದೆ, ಬೆನ್ನುಹುರಿ ಕಾಣುವುದಿಲ್ಲ. ಹುರಿಯ ಮೇಲಿನ ಒತ್ತಡವನ್ನು ಸರಿಯಾಗಿ ತೋರಿಸುವುದು ಎಂ.ಆರ್.ಐ. ಅಂಥ ಪರೀಕ್ಷೆ ಮತ್ತು ಬೆನ್ನಿನ ಶಸ್ತ್ರಚಿಕಿತ್ಸೆಗೆ ದೊಡ್ಡ ನಗರಕ್ಕೆ ಹೋಗಬೇಕಾಗಿ ಬಂದರೆ ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಬಹಳ ಹತ್ತಿರ.

ಈಗ ಪಂಜರದ ಮಾತು. ಚಿಮ್ಮಿದ ತಿರುಳನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳಬೇಕು, ಬಿರಿದ ಕವಚ ಕಲೆಗಟ್ಟಿ ಮುಚ್ಚಿಕೊಳ್ಳಬೇಕು. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಈ ಅವಧಿಯಲ್ಲಿ ಒಂದು ಜಿಗಿತ, ಬಾಗಿಲ ಗಂಟೆಗೆ ಒಂದು ಓಟ, ಮಂಚಕ್ಕೆ ಒಂದು ಹಾರಿಕೆ ಸಾಕು, ಉಳಿದ ತಿರುಳೂ ಹೊರಚಿಮ್ಮಲು. ನೋವಿನ ಔಷಧದಿಂದ ಮೊದಲ ವಾರದಲ್ಲೇ ನೋವು ಇಳಿಯುತ್ತದೆ, ಒಳಗಿನ ಗಾಯ ಹಾಗೇ ಇರುತ್ತದೆ. ನಿಜವಾದ ಪರೀಕ್ಷೆ ಆರಂಭವಾಗುವುದು ಆಗ. ನಾಯಿ ಸರಳುಗಳ ಹಿಂದಿನಿಂದ ನೋಡುತ್ತದೆ, ಉಗುರಿನಿಂದ ಕೆರೆಯುತ್ತದೆ, ರಾತ್ರಿಯೆಲ್ಲ ಊಳಿಡುತ್ತದೆ. ಮನೆಯ ಮಕ್ಕಳು ಅಳುತ್ತಾರೆ, ಅಜ್ಜಿ ಬೈಯುತ್ತಾರೆ, ನೆರೆಯವರು ಪಾಪ ಎನ್ನುತ್ತಾರೆ.

ಆಚಾರ್ಯ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಇಂಥದೇ ಸಂದೇಹವನ್ನು ಎತ್ತಿಕೊಂಡಿದ್ದಾರೆ. ಪರರಿಗೆ ದುಃಖ ಕೊಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದ ಮೇಲೆ ಕೇಶಲೋಚ, ಉಪವಾಸಗಳೂ ದುಃಖವಲ್ಲವೇ ಎಂಬುದು ಅಲ್ಲಿಯ ಪ್ರಶ್ನೆ. ಉತ್ತರವಾಗಿ ಅವರು ವೈದ್ಯನ ದೃಷ್ಟಾಂತ ಕೊಡುತ್ತಾರೆ. ಕರುಣೆ ತುಂಬಿದ ವೈದ್ಯನು ಮುನಿಯ ಮೈಮೇಲಿನ ಕುರುವನ್ನು ಕೊಯ್ಯುತ್ತಾನೆ. ಮುನಿಗೆ ನೋವಾಗುತ್ತದೆ, ನೋವಿಗೆ ಕಾರಣ ವೈದ್ಯನ ಕೈಯೇ. ಆದರೂ ಆ ಹೊರಗಿನ ನಿಮಿತ್ತ ಮಾತ್ರದಿಂದ ವೈದ್ಯನಿಗೆ ಪಾಪಬಂಧವಿಲ್ಲ. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರವು ಪ್ರಾಣಹಾನಿಗೆ ಮುಂಚೆ ಪ್ರಮತ್ತಯೋಗವನ್ನು ಇಟ್ಟಿರುವುದೂ ಇದಕ್ಕೇ. ಕಷಾಯದಿಂದ, ಅಜಾಗರೂಕತೆಯಿಂದ ನಡೆದದ್ದು ಹಿಂಸೆ. ಎತ್ತನ್ನು ಬಿಗಿದು ಕಟ್ಟಿ ಮರೆತು ಹೋಗುವ ಒಡೆಯನ ಬಂಧದಲ್ಲಿ ಲೋಭವಿದೆ, ಪ್ರಮಾದವಿದೆ. ಬೆನ್ನು ಮುರಿದ ನಾಯಿಯ ಪಂಜರದ ಬಳಿ ರಾತ್ರಿ ಎದ್ದು ಕುಳಿತವನ ಬಂಧದಲ್ಲಿ ಅವೆರಡೂ ಇಲ್ಲ.

ಹಾಗಾದರೆ ಮೂರನೆಯ ದಿನ ಅಗುಳಿ ತೆಗೆಯುವ ಕೈಯಲ್ಲಿ ಇರುವುದೇನು? ಅದನ್ನು ಕರುಣೆಯೆಂದು ಕರೆಯುವುದು ರೂಢಿ. ಬಹುಮಟ್ಟಿಗೆ ಅದು ಮೋಹ. ನಾಯಿಯ ಕೂಗನ್ನು ತಾನು ಕೇಳಲಾರೆನೆಂಬ ತನ್ನ ಕಷ್ಟವನ್ನು ಕಳೆದುಕೊಳ್ಳುವ ಆತುರ ಅದರಲ್ಲಿದೆ. ಈ ಮಾತು ಕಟುವೆನಿಸಬಹುದು, ಆದರೆ ಪಶುಚಿಕಿತ್ಸೆಯಲ್ಲಿ ಇದರ ಬೆಲೆಯನ್ನು ತೆರುವುದು ನಾಯಿಯ ಕಾಲುಗಳು.

ಅಪ್ರಮತ್ತನಾದವನ ಪಂಜರ ಹೇಗಿರಬೇಕೆಂಬುದಕ್ಕೆ ರೀತಿಯಿದೆ. ನಾಯಿ ನಿಲ್ಲಲು, ತಿರುಗಲು, ಕಾಲುಚಾಚಿ ಮಲಗಲು ಬೇಕಾದಷ್ಟು ಅಗಲ, ಓಡಲಾಗದಷ್ಟು ಕಿರಿದು. ಕೆಳಗೆ ದಪ್ಪ ಮೆತ್ತೆ, ಅದರ ಮೇಲೆ ದಿನವೂ ಬದಲಿಸುವ ಬಟ್ಟೆ. ಅದು ಹಿತ್ತಿಲ ಮೂಲೆಯಲ್ಲಿರದೆ ಮನೆಯವರು ಕುಳಿತೇಳುವ ಕೋಣೆಯಲ್ಲಿರಬೇಕು. ಒಂಟಿತನದಿಂದ ಬರುವ ಊಳು ಅರ್ಧಕ್ಕರ್ಧ ಅಲ್ಲಿಗೇ ನಿಲ್ಲುತ್ತದೆ. ಬೀದರಿನ ಬೇಸಿಗೆಯಲ್ಲಿ ಗಾಳಿಯಾಡುವ ನೆರಳು ಬೇಕು. ತಾನಾಗಿ ಮಗ್ಗುಲು ಬದಲಿಸಲಾರದ ನಾಯಿಯನ್ನು ನಾಲ್ಕು ಗಂಟೆಗೊಮ್ಮೆಯಾದರೂ ಹೊರಳಿಸಿ ಮಲಗಿಸದಿದ್ದರೆ ಮೂಳೆಯುಬ್ಬಿದೆಡೆ ಹುಣ್ಣಾಗುತ್ತದೆ. ಹೊರಗೆ ಒಯ್ಯುವುದು ಮಲಮೂತ್ರಕ್ಕೆ ಮಾತ್ರ, ಅದೂ ಕುತ್ತಿಗೆಯ ಪಟ್ಟಿ ಬಿಟ್ಟು ಎದೆಪಟ್ಟಿ ಹಾಕಿ. ತೀರಾ ಕಳವಳಗೊಳ್ಳುವ ನಾಯಿಗೆ ಶಮನದ ಔಷಧವನ್ನೂ ವೈದ್ಯರು ಕೊಡಬಲ್ಲರು. ಕೇಳಲು ಸಂಕೋಚ ಬೇಡ.

ಅನ್ನಪಾನನಿರೋಧದ ಸಂದೇಹವೂ ಹೀಗೆಯೇ ಬಗೆಹರಿಯುತ್ತದೆ. ನೀರನ್ನು ಎಂದೂ ತಡೆಯುವಂತಿಲ್ಲ. ಅನ್ನವನ್ನು ತೂಗಿ ಕೊಡುವುದು ನಿರೋಧವಲ್ಲ. ತುಪ್ಪ ಸವರಿದ ರೊಟ್ಟಿ, ಹಬ್ಬದ ಹೋಳಿಗೆ, ಮಕ್ಕಳ ಬಿಸ್ಕತ್ತುಗಳಿಂದ ಕೊಬ್ಬಿದ ದೇಹದ ಪ್ರತಿ ಹಿಡಿ ಭಾರವೂ ಆ ಬೆನ್ನಿನ ಮೇಲೆಯೇ ಕೂರುತ್ತದೆ. ಹಾಗೆ ನೋಡಿದರೆ ಪ್ರೀತಿಯಿಂದ ತಿನ್ನಿಸಿ ತಿನ್ನಿಸಿ ಹೇರಿದ ತೂಕ ನಾಲ್ಕನೆಯ ಅತಿಚಾರವಾದ ಅತಿಭಾರಾರೋಪಣಕ್ಕೆ ಹತ್ತಿರ. ಇನ್ನೊಂದು ಸಣ್ಣ ಸಂದೇಹ ಕೆಲವು ಮನೆಗಳಲ್ಲಿ ಏಳುವುದುಂಟು: ರಾತ್ರಿಭೋಜನ ತ್ಯಾಗವಿರುವ ಮನೆಯಲ್ಲಿ ರಾತ್ರಿ ಎಂಟಕ್ಕೆ ನಾಯಿಗೆ ಅನ್ನದಲ್ಲಿ ಮಾತ್ರೆ ಕೊಡಬಹುದೇ ಎಂದು. ವ್ರತ ಅದನ್ನು ಸ್ವೀಕರಿಸಿದವನದು. ಸಾಧ್ಯವಾದರೆ ಔಷಧದ ಹೊತ್ತನ್ನು ಸೂರ್ಯಾಸ್ತಕ್ಕೆ ಮುಂಚೆ ಹೊಂದಿಸಿಕೊಡಿ ಎಂದು ವೈದ್ಯರನ್ನು ಕೇಳಬಹುದು. ಸಾಧ್ಯವಾಗದಿದ್ದರೆ ನಾಯಿಯ ಮಾತ್ರೆ ತಪ್ಪಬಾರದು.

ಪಂಜರಕ್ಕಿಂತ ಕಷ್ಟವಾದ ಸೇವೆ ಇನ್ನೊಂದಿದೆ. ಬೆನ್ನುಹುರಿ ಸೋತ ನಾಯಿಗೆ ಮೂತ್ರಕೋಶವನ್ನು ಬರಿದು ಮಾಡಿಕೊಳ್ಳಲಾಗದು. ಅದು ತುಂಬಿ ತುಳುಕಿ ತೊಟ್ಟಿಕ್ಕುವುದನ್ನು ಕಂಡು ಮೂತ್ರ ಹೋಗುತ್ತಿದೆಯೆಂದು ಭ್ರಮಿಸುವವರೇ ಹೆಚ್ಚು. ಒಳಗೆ ಕೋಶ ಹಿಗ್ಗಿ ಸೋಂಕು ಹತ್ತುತ್ತಿರುತ್ತದೆ. ವೈದ್ಯರಿಂದ ಕಲಿತು, ಮನೆಯವರೇ ದಿನಕ್ಕೆ ಮೂರು ನಾಲ್ಕು ಬಾರಿ ಹೊಟ್ಟೆಯ ಹಿಂಭಾಗವನ್ನು ಎರಡೂ ಕೈಗಳಿಂದ ಮೆಲ್ಲನೆ ಒತ್ತಿ ಅದನ್ನು ಖಾಲಿ ಮಾಡಬೇಕು. ಬಳಿಕ ತೊಳೆದು, ಒರೆಸಿ, ಒಣಗಿಸಬೇಕು. ತ್ರಿಕಾಲ ಸಾಮಾಯಿಕದ ನಿಯಮವಿರುವ ಮನೆಯಲ್ಲಿ ಇದಕ್ಕೆ ಹೊತ್ತು ಗೊತ್ತುಮಾಡಿಕೊಳ್ಳುವುದು ಕಷ್ಟವಲ್ಲ. ಕಷ್ಟ ಬರುವುದು ಹೇಸಿಗೆಯಿಂದ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ. ಅದಕ್ಕೆ ಉದಾಹರಣೆಯಾಗಿ ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರಿಸಿದ್ದು ಉದ್ದಾಯನ ರಾಜನನ್ನು. ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ಆಹಾರ ಸ್ವೀಕರಿಸಿ ವಾಂತಿ ಮಾಡಿಕೊಂಡಾಗ ರಾಜನು ಮುಖ ಸಿಂಡರಿಸಲಿಲ್ಲ. ತಾನು ಕೊಟ್ಟ ಆಹಾರದಲ್ಲೇ ದೋಷವಿತ್ತೇನೋ ಎಂದು ನೊಂದು, ಸ್ವಹಸ್ತದಿಂದ ತೊಳೆದನು. ಆ ಅಂಗದ ಮುಖ್ಯ ವಿಷಯ ರತ್ನತ್ರಯಧಾರಿಗಳ ಶರೀರ ಎಂಬುದು ನಿಜ, ಮುನಿಯ ಸೇವೆಯೂ ನಾಯಿಯ ಶುಶ್ರೂಷೆಯೂ ಒಂದೇ ಎಂದು ಹೇಳಲಾಗದು. ಆದರೆ ಮನೆಯ ನಾಯಿಯ ಮೂತ್ರ ಕಂಡು ಮೂಗು ಮುಚ್ಚುವವನಿಗೆ ಉದ್ದಾಯನನ ಕಥೆಯನ್ನು ಪ್ರವಚನದಲ್ಲಿ ಕೇಳಿ ತಲೆದೂಗುವುದು ಸುಲಭ. ಅಭ್ಯಾಸಕ್ಕೆ ಎಡೆ ಸಿಗುವುದು ಪಂಜರದ ಬಳಿಯೇ.

ನಾಯಿಯ ಕರ್ಮ, ಅನುಭವಿಸಲಿ ಎಂಬ ಮಾತೂ ಕೇಳಿಬರುತ್ತದೆ. ಅಸಾತಾವೇದನೀಯದ ಉದಯವಿಲ್ಲದೆ ನೋವಿಲ್ಲ ಎಂಬುದು ಸಿದ್ಧಾಂತ. ಅದೇ ಸಿದ್ಧಾಂತವು ಸಾತಾವೇದನೀಯದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಸಕಲ ಜೀವಿಗಳ ಮೇಲಿನ ಅನುಕಂಪೆಯನ್ನೇ ಮೊದಲು ಇಟ್ಟಿದೆ. ನಾಯಿಯ ಕರ್ಮದ ಲೆಕ್ಕ ನಾಯಿಯದು. ಎದುರಿಗೆ ನಿಂತು ನೋಡುವವನ ಲೆಕ್ಕ ಅವನದು. ಜೀವಗಳು ಪರಸ್ಪರ ಉಪಕಾರಕ್ಕೆ ನಿಮಿತ್ತವಾಗುತ್ತವೆ ಎಂಬುದನ್ನು ಜೈನರು ತಮ್ಮ ಪ್ರತೀಕದ ಕೆಳಗೇ ಬರೆದುಕೊಂಡಿದ್ದಾರೆ.

ಜೈನ ಕಥಾಲೋಕದಲ್ಲಿ ನಾಯಿಗೆ ದೊರೆತ ಅತ್ಯುನ್ನತ ಸ್ಥಾನ ಜೀವಂಧರ ಕುಮಾರನ ಚರಿತೆಯಲ್ಲಿದೆ. ವಾದೀಭಸಿಂಹ ಸೂರಿಯ ಸಂಸ್ಕೃತ ಕ್ಷತ್ರಚೂಡಾಮಣಿಯಿಂದ ಹಿಡಿದು ಕನ್ನಡದಲ್ಲಿ ಭಾಸ್ಕರ ಕವಿಯು 1424ರಲ್ಲಿ ರಚಿಸಿದ ಜೀವಂಧರ ಚರಿತೆಯವರೆಗೆ ಹಲವು ಕಾವ್ಯಗಳು ಈ ರಾಜಪುತ್ರನ ಕಥೆ ಹೇಳಿವೆ. ವಸಂತೋತ್ಸವದ ದಿನ ಯಜ್ಞದ ಅನ್ನಕ್ಕೆ ಬಾಯಿಟ್ಟಿತೆಂದು ನಾಯಿಯೊಂದನ್ನು ಸಾಯುವಂತೆ ಹೊಡೆದಿದ್ದರು. ಜೀವಂಧರನು ಅದನ್ನು ಬದುಕಿಸಲು ಪ್ರಯತ್ನಿಸಿದನು. ಬದುಕದೆಂದು ಖಚಿತವಾದ ಮೇಲೆ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದನು. ನಾಯಿ ಸತ್ತು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಕಾಷ್ಠಾಂಗಾರನು ಜೀವಂಧರನನ್ನು ಕೊಲ್ಲಿಸಲು ಹೊರಟಾಗ ಬಂದು ಕಾಪಾಡಿತು. ಕಥೆಯ ಫಲಭಾಗವನ್ನು ಎಲ್ಲರೂ ನೆನೆಯುತ್ತಾರೆ. ಅದರ ಅನುಕ್ರಮವನ್ನೂ ನೆನೆಯಬೇಕು. ಪ್ರಯತ್ನ ಮೊದಲು, ಮಂತ್ರ ಆಮೇಲೆ. ಚಿಕಿತ್ಸೆಗೆ ಒಯ್ಯಬಹುದಾದ ನಾಯಿಯ ಕಿವಿಯಲ್ಲಿ ಮಂತ್ರ ಹೇಳಿ ಕೈತೊಳೆದುಕೊಳ್ಳುವವನು ಜೀವಂಧರನನ್ನು ಅರ್ಧ ಮಾತ್ರ ಅನುಸರಿಸಿದಂತೆ.

ಎಲ್ಲ ಪ್ರಯತ್ನದ ಬಳಿಕವೂ ಕಾಲು ಮರಳದಿದ್ದರೆ? ಚುಚ್ಚುಮದ್ದು ಕೊಟ್ಟು ಮಲಗಿಸಿಬಿಡಿ, ಅದಕ್ಕೂ ಬಿಡುಗಡೆ ಎನ್ನುವವರಿದ್ದಾರೆ. ಹತ್ತನೆಯ ಶತಮಾನದ ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಾದವನ್ನೇ ಹೆಸರಿಸಿ ನಿರಾಕರಿಸಿದ್ದಾರೆ. ಬಹುದುಃಖದಲ್ಲಿರುವ ಜೀವಿಯನ್ನು ಕೊಂದರೆ ಅದರ ದುಃಖ ಬೇಗ ಕಳೆಯುವುದೆಂಬ ಕಲ್ಪನೆಗೆ ಶ್ರಾವಕನು ಒಳಗಾಗಬಾರದು ಎಂಬುದು ಅವರ ನಿರ್ದೇಶ. ಈ ನಿರ್ದೇಶವನ್ನು ಹೊತ್ತವರಿಗೆ ಹೊಣೆಯೂ ಹೆಚ್ಚು. ಕೊಲ್ಲಬಾರದು ಎಂದು ಹೇಳಿ, ನೋವಿನ ಔಷಧ ಕೊಡದೆ, ಹುಣ್ಣು ತೊಳೆಯದೆ ಮೂಲೆಗೆ ಬಿಡುವುದು ಆಚಾರ್ಯರ ಮಾತಿನ ಮುಂದೆ ನಿಲ್ಲಲಾರದು. ನೋವು ಅಳತೆ ಮೀರಿದಾಗ ಪ್ರಾಣಿಯ ಪರಿಣಾಮ ಆರ್ತಧ್ಯಾನಕ್ಕ ಜಾರುತ್ತದೆ; ಅದನ್ನು ತಗ್ಗಿಸುವ ಔಷಧವೂ ಔಷಧದಾನವೇ. ನಡೆಯಲಾರದ ನಾಯಿಗಳು ಹಿಂಗಾಲಿಗೆ ಎರಡು ಚಕ್ರದ ಗಾಡಿ ಕಟ್ಟಿದರೆ ಅಂಗಳದಲ್ಲಿ ಸಂತೋಷವಾಗಿ ಓಡಾಡುವುದನ್ನು ಎಷ್ಟೋ ಕಡೆ ಕಾಣಬಹುದು. ಹಗುರ ಕೊಳವೆಗಳಿಂದ ಇಂಥ ಗಾಡಿಯನ್ನು ಊರಿನ ಸೈಕಲ್ ದುರಸ್ತಿಯವರೂ ಅಳತೆ ಕೊಟ್ಟರೆ ಮಾಡಬಲ್ಲರು.

ಮನೆಯಿಂದ ಆಗದ್ದನ್ನು ಸಮಾಜ ಹೊತ್ತ ಉದಾಹರಣೆಗಳಿವೆ. 1832ರಲ್ಲಿ ಮುಂಬಯಿಯಲ್ಲಿ ಬ್ರಿಟಿಷ್ ಅಧಿಕಾರಿಗಳು ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರ್ಸಿಗಳು ಸಿಡಿದೆದ್ದರು, ಜೈನರೂ ಹಿಂದೂಗಳೂ ಜೊತೆಗೂಡಿದರು, ಅಂಗಡಿಗಳು ಮುಚ್ಚಿದವು. ಎರಡು ವರ್ಷಗಳ ಬಳಿಕ, 1834ರಲ್ಲಿ, ಜಮ್‌ಷೆಡ್‌ಜೀ ಜೀಜೀಭಾಯ್ ಮತ್ತು ಜೈನ ವರ್ತಕ ಸೇಠ್ ಮೋತಿಶಾ ಮುಂತಾದವರ ದಾನದಿಂದ ಅಲ್ಲಿ ಪಾಂಜರಪೋಳ ಆರಂಭವಾಯಿತು. ಅನಾಥ ನಾಯಿಗಳಿಗೆ ಆಶ್ರಯ ಕೊಡುವುದು ಅದರ ಮೊದಲ ಉದ್ದೇಶಗಳಲ್ಲೊಂದು. ದಿಲ್ಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದ ಪಕ್ಷಿ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ. ಪಶುವೈದ್ಯ ವಿದ್ಯಾರ್ಥಿಗಳೇ ಊರಲ್ಲಿರುವ ಬೀದರಿನಲ್ಲಿ, ಗಾಯಗೊಂಡ ಬೀದಿನಾಯಿಯನ್ನು ಆರು ವಾರ ಇರಿಸಿಕೊಳ್ಳಲು ನಾಲ್ಕು ಪಂಜರಗಳ ಒಂದು ಕೋಣೆ ಸಮಾಜದ ಶಕ್ತಿಗೆ ಮೀರಿದ್ದಲ್ಲ.

ಆರು ವಾರ ಕಳೆದ ಮೇಲೆ ಅಗುಳಿ ತೆಗೆಯುವುದಕ್ಕೂ ಕ್ರಮವಿದೆ. ಈ ಭಾಗದ ಮನೆಗಳ ಶಹಾಬಾದಿ ಫರ್ಸಿ ನೆಲ ನುಣುಪಾಗಿ ಜಾರುವಂಥದು. ನಾಯಿ ಓಡಾಡುವೆಡೆಯೆಲ್ಲ ಮೊದಲು ಗೋಣಿತಟ್ಟು ಇಲ್ಲವೇ ಹಳೆಯ ಜಮಖಾನೆ ಹಾಸಬೇಕು. ಮಂಚದ ಬಳಿ ಇಳಿಜಾರಿನ ಹಲಗೆ ಇಡಬೇಕು, ಮೆಟ್ಟಿಲಿಗೆ ಅಡ್ಡ ಕಟ್ಟಬೇಕು. ಅಗಲವಾದ ಟವೆಲೊಂದನ್ನು ಹೊಟ್ಟೆಯ ಕೆಳಗೆ ಸುತ್ತಿ, ಹಿಂಭಾಗದ ಭಾರವನ್ನು ಕೈಯಲ್ಲಿ ಹೊತ್ತು, ನಾಯಿಯ ಪಾದಗಳು ನೆಲ ಮುಟ್ಟುವಂತೆ ನಡೆಸಬೇಕು. ಪಾದ ಮಡಚಿ ಬೆರಳ ಬೆನ್ನು ನೆಲಕ್ಕೆ ಉಜ್ಜಿದರೆ ನಿಲ್ಲಿಸಿ ಸರಿಪಡಿಸಬೇಕು. ಮೊದಲ ದಿನಗಳಲ್ಲಿ ಹೊತ್ತಿಗೆ ಐದು ನಿಮಿಷ ಸಾಕು. ವೈದ್ಯರು ನೋಡಿ ಒಪ್ಪಿದರೆ ಮುಂದಿನ ವಾರ ಹತ್ತು, ಅದರ ಮುಂದಿನ ವಾರ ಹದಿನೈದು. ಮೆಟ್ಟಿಲ ಅಡ್ಡವನ್ನು ಮಾತ್ರ ಬಿಚ್ಚುವಂತಿಲ್ಲ.